ಅರುಂಧತಿ ಸಿಕ್ಕಿದ್ದು ಸಖೀರಿನಲ್ಲಿ

ಬಹ್ರೇನಿಗೆ ಆಕಾಶ ನೋಡಲೆಂದು ಯಾರೂ ಬರುವುದಿಲ್ಲ. ನಮ್ಮ ಕರಾವಳಿಯವರು ಬಂದದ್ದು ಹೋಟೆಲು, ಬ್ಯಾಂಕು, ಆಸ್ಪತ್ರೆ, ಎಣ್ಣೆ ಕಂಪನಿ, ಕಟ್ಟಡದ ಕೆಲಸ ಅಂತ. ನಾನು ಬಂದದ್ದು ಲೆಕ್ಕಪತ್ರ ಬರೆಯಲು. ದಿನವಿಡೀ ತಲೆ ತಗ್ಗಿಸಿಯೇ ಇರುವ ಬದುಕು. ತಲೆ ಎತ್ತುವುದೇನಿದ್ದರೂ ಮುಹರಕ್ ನಿಲ್ದಾಣದಿಂದ ರಾತ್ರಿಯ ವಿಮಾನ ಏರುವಾಗ, ‘ಇವತ್ತು ಊರಿಗೆ ಯಾರು ಹೊರಟರಪ್ಪ’ ಎಂಬ ಸಣ್ಣ ಹೊಟ್ಟೆಕಿಚ್ಚಿನಿಂದ.

ಅಲ್ಲದೆ ಇಲ್ಲಿನ ಆಕಾಶಕ್ಕೆ ಅಂಥ ಹೆಸರೂ ಇಲ್ಲ. ಉಡುಪಿ ಜಿಲ್ಲೆಯ ಕಾಲು ಭಾಗವೂ ಆಗದ ದ್ವೀಪ, ಅದರ ಉತ್ತರದ ತುದಿಯಲ್ಲಿ ಒತ್ತಿಕೊಂಡು ನಿಂತ ಮನಾಮದ ಗೋಪುರಗಳು, ರಾತ್ರಿಯೆಲ್ಲ ಉರಿಯುವ ಹೆದ್ದಾರಿ ದೀಪಗಳು. ಬೇಸಿಗೆಯಲ್ಲಿ ಕಡಲಿನಿಂದ ಏಳುವ ಹಬೆ, ಉಳಿದ ಹೊತ್ತಿನಲ್ಲಿ ‘ಶಮಾಲ್’ ಎಂಬ ವಾಯವ್ಯದ ಗಾಳಿ ಹೊತ್ತು ತರುವ ಧೂಳು. ಫ್ಲ್ಯಾಟಿನ ಟೆರೇಸಿನಲ್ಲಿ ನಿಂತು ನಕ್ಷತ್ರ ಎಣಿಸಿದರೆ ಎರಡು ಕೈಯ ಬೆರಳು ಸಾಕು. ಅದರಲ್ಲೂ ಒಂದೆರಡು ಆಮೇಲೆ ಮೆಲ್ಲಗೆ ಸರಿದು, ದಮ್ಮಾಮಿನ ಕಡೆಗೆ ಇಳಿಯುವ ವಿಮಾನಗಳೆಂದು ಗೊತ್ತಾಗುತ್ತದೆ.

ಇಂಥ ಊರಿನಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ಕೂಟವೊಂದು ಇದೆ ಎಂದು ತಿಳಿದಾಗ ನನಗೆ ನಗು ಬಂದಿತ್ತು. ಹೇಳಿದವರು ನಮ್ಮ ಕಚೇರಿಗೆ ಲೆಕ್ಕ ತೋರಿಸಲು ಬರುತ್ತಿದ್ದ ನಿವೃತ್ತ ಬಹ್ರೇನಿ ಶಾಲಾ ಮೇಷ್ಟ್ರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ. “ಗುರುವಾರ ರಾತ್ರಿ ಬನ್ನಿ, ಸ್ವೆಟರ್ ತನ್ನಿ” ಅಂದರು. ಬಹ್ರೇನಿನಲ್ಲಿ ಸ್ವೆಟರೇ! ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಹಾಗಾಗಿ ಗುರುವಾರದ ರಾತ್ರಿಯೆಂದರೆ ನಮ್ಮೂರಿನ ಶನಿವಾರದ ರಾತ್ರಿ. ಆ ಹೊತ್ತಿನಲ್ಲಿ ಮಾಲ್‌ಗೆ ಹೋಗದೆ ಮರಳಿಗೆ ಹೋಗುವವರು ಎಂಥವರಿರಬಹುದು ಎಂಬ ಕುತೂಹಲಕ್ಕೆ ಹೋದೆ. ಸ್ವೆಟರ್ ತೆಗೆದುಕೊಂಡೇ ಹೋದೆ. ಡಿಸೆಂಬರಿನ ಮರುಭೂಮಿಯ ಗಾಳಿ ಹತ್ತು ಗಂಟೆಯ ಹೊತ್ತಿಗೆ ಕಿವಿ ಹುಡುಕಿಕೊಂಡು ಬರುತ್ತದೆ.

ಕೂಟದಲ್ಲಿದ್ದವರು ಅಂಥಿಂಥವರಲ್ಲ ಎಂದು ಹೇಳುವ ಹಾಗಿಲ್ಲ, ಎಲ್ಲ ಅಂಥಿಂಥವರೇ. ಅಲ್ಯೂಮಿನಿಯಂ ಕಾರ್ಖಾನೆಯ ಇಂಜಿನಿಯರು, ಇಬ್ಬರು ಫಿಲಿಪಿನೋ ನರ್ಸುಗಳು, ತ್ರಿಶೂರಿನ ಕ್ಯಾಮೆರಾ ಹುಚ್ಚ, ಮಕ್ಕಳನ್ನು ಕಟ್ಟಿಕೊಂಡು ಬಂದ ಬಹ್ರೇನಿ ದಂಪತಿ, ಮತ್ತೆ ಏಸಿ ರಿಪೇರಿಯ ಒಬ್ಬ ಕುಂದಾಪುರದ ಹುಡುಗ. ಭಾಷೆ ಅರ್ಧ ಇಂಗ್ಲಿಷು, ಕಾಲು ಗಲ್ಫಿನ ಹಿಂದಿ, ಉಳಿದದ್ದು ಕೈಸನ್ನೆ. ಭೌತವಿಜ್ಞಾನ ಓದಿದವರು ಹುಡುಕಿದರೆ ಒಬ್ಬರು ಸಿಗಬಹುದು. ಹಾಗೆಂದು ಈ ನಾಡಿನಲ್ಲಿ ಬಲ್ಲವರೇ ಇಲ್ಲವೆಂದಲ್ಲ. ಬಹ್ರೇನ್ ಖಗೋಳ ಸಂಘವಿದೆ, ಭೌತವಿಜ್ಞಾನಿ ಡಾ. ವಹೀಬ್ ಅಲ್ ನಾಸರ್ ಅವರಂಥವರಿದ್ದಾರೆ. ಗ್ರಹಣವೋ ರಮಝಾನಿನ ಚಂದ್ರನೋ ಬಂದಾಗ ಪತ್ರಿಕೆಯವರು ಹೋಗಿ ಕೇಳುವುದು ಅವರನ್ನು. ನಮ್ಮದು ಅದರ ಹೊರಜಗಲಿಯಲ್ಲಿ ಕೂತ ಮಂದಿ.

ಮೊದಲ ರಾತ್ರಿ ನನ್ನ ಕಣ್ಣಿಗೆ ಬಿದ್ದದ್ದು ಕೂಟದ ಟೆಲಿಸ್ಕೋಪು. ಟೆಲಿಸ್ಕೋಪ್ ಅಂದರೆ ಕಡಲುಗಳ್ಳರ ಸಿನಿಮಾದಲ್ಲಿ ಎಳೆದು ಉದ್ದ ಮಾಡುವ ಹಿತ್ತಾಳೆಯ ಕೊಳವೆ ಎಂದುಕೊಂಡಿದ್ದವನಿಗೆ ಇದು ಬಚ್ಚಲುಮನೆಯ ಗೀಸರನ್ನು ಕಳಚಿ ತಂದು ಮರದ ಪೆಟ್ಟಿಗೆಯಲ್ಲಿ ಓರೆಯಾಗಿ ನಿಲ್ಲಿಸಿದ ಹಾಗೆ ಕಂಡಿತು. ಡಾಬ್ಸೋನಿಯನ್ ಅನ್ನುತ್ತಾರೆ. ಕೊಳವೆಯ ತಳದಲ್ಲಿ ಎಂಟು ಅಂಗುಲದ ಕನ್ನಡಿ, ಕಣ್ಣಿಡುವ ಐಪೀಸ್ ಮೇಲ್ತುದಿಯ ಪಕ್ಕದಲ್ಲಿ. ಮೋಟಾರಿಲ್ಲ, ತಂತಿಯಿಲ್ಲ, ಕೈಯಲ್ಲಿ ತಳ್ಳಿದ ಕಡೆಗೆ ತಿರುಗುತ್ತದೆ. ಇದನ್ನು ರೂಢಿಗೆ ತಂದ ಜಾನ್ ಡಾಬ್ಸನ್ ವೇದಾಂತ ಮಠದಲ್ಲಿ ಸನ್ಯಾಸಿಯಾಗಿದ್ದವರು. ಮಠದಲ್ಲಿದ್ದುಕೊಂಡೇ ಹಡಗಿನ ಕಿಟಕಿಯ ದಪ್ಪ ಗಾಜು ತಂದು, ಉಜ್ಜಿ ಉಜ್ಜಿ ಕನ್ನಡಿ ಮಾಡುತ್ತಿದ್ದರಂತೆ. ಟೆಲಿಸ್ಕೋಪಿನ ಹುಚ್ಚು ಮಠದ ಶಿಸ್ತಿಗೆ ಹೊಂದದೆ 1967ರಲ್ಲಿ ಹೊರಬಿದ್ದರು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋದ ಫುಟ್‌ಪಾತಿನಲ್ಲಿ ಟೆಲಿಸ್ಕೋಪು ಇಟ್ಟು ದಾರಿಹೋಕರಿಗೆ ಚಂದ್ರನನ್ನು ತೋರಿಸುವ ಬಳಗ ಶುರುವಾಯಿತು. ಅವರ ಮಾದರಿಯ ಕೊಳವೆ ಬಡವನ ಟೆಲಿಸ್ಕೋಪೆಂದೇ ಹೆಸರಾಗಿ ಲೋಕವೆಲ್ಲ ಹಬ್ಬಿತು. ವೇದಾಂತದಿಂದ ಇಷ್ಟು ನೇರವಾದ ಉಪಕಾರ ಬೇರೆ ಆಗಿದೆಯೋ, ನನಗೆ ಸಂಶಯ.

ಶನಿಯನ್ನು ಮೊದಲ ಸಲ ನೋಡಿದವರೆಲ್ಲ ಒಂದೇ ಮಾತು ಹೇಳುತ್ತಾರೆ. ಯಾವ ದೇಶದವರಾದರೂ ಸರಿ, ಐಪೀಸಿನಿಂದ ಕಣ್ಣು ತೆಗೆದು, “ಇದು ಚಿತ್ರ ಅಂಟಿಸಿದ್ದು” ಎನ್ನುತ್ತಾರೆ. ಕುಂದಾಪುರದ ಹುಡುಗ ಒಂದು ಹೆಜ್ಜೆ ಮುಂದೆ ಹೋಗಿ ಕೊಳವೆಯ ಬಾಯಿಯಲ್ಲಿ ಇಣುಕಿಯೂ ನೋಡಿದ್ದನಂತೆ. ಆಮೇಲೆ, ‘ಅಣ್ಣಾ, ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಇಂಥದ್ದೇ ಕ್ಲಬ್ ಉಂಟು ಮಾರಾಯ್ರೆ, ಎ.ಪಿ. ಭಟ್ರು ನಡೆಸುವುದು, ಗ್ರಹಣಕ್ಕೆ ಊರಿಗೆ ಊರೇ ಸೇರುತ್ತದೆ’ ಎಂದು ನನಗೇ ಸುದ್ದಿ ಹೇಳಿದ. ಅವನ ಕಣ್ಣಿಗೆ ಶನಿಯ ಉಂಗುರ ಬಿದ್ದದ್ದು ಮಾತ್ರ ಇಲ್ಲಿ, ಮೂರು ಸಾವಿರ ಕಿಲೋಮೀಟರು ದಾಟಿದ ಮೇಲೆ.

ನಾವು ಸೇರುವ ಸಖೀರ್ ದ್ವೀಪದ ನಡುವಿನ ಬಯಲು. ಅದರಿಂದ ಇನ್ನಷ್ಟು ದಕ್ಷಿಣಕ್ಕೆ ಹೋದಷ್ಟೂ ಕತ್ತಲೆ ಹೆಚ್ಚು. ಈ ಕಡೆಯಲ್ಲೇ 134 ಮೀಟರಿನ ಜೆಬೆಲ್ ದುಖಾನ್ ಎಂಬ ಗುಡ್ಡವಿದೆ. ನಮ್ಮ ಘಟ್ಟದವರು ಇದಕ್ಕೆ ದಿಬ್ಬ ಎಂದಾರು; ಇಲ್ಲಿ ಇದೇ ಅತಿ ಎತ್ತರದ ಜಾಗ. 1932ರಲ್ಲಿ ಕೊಲ್ಲಿಯ ಅರಬ್ ದಡದ ಮೊದಲ ಎಣ್ಣೆ ಚಿಮ್ಮಿದ್ದು ಇದರ ಬುಡದಲ್ಲೇ. ನಾನೂ ಕುಂದಾಪುರದ ಹುಡುಗನೂ ಇಲ್ಲಿರುವುದಕ್ಕೆ ಮೂಲ ಕಾರಣ ಆ ಬಾವಿ. ಇಲ್ಲಿ ಆಕಾಶ ಬಿಳಿಚಿಕೊಂಡಿರುವುದಕ್ಕೂ ಅದೇ ಮೂಲ ಕಾರಣ. ಸಖೀರಿನಲ್ಲೇ ಕಾರು ರೇಸಿನ ಟ್ರ್ಯಾಕೂ ಇದೆ. 2004ರಿಂದ ಫಾರ್ಮುಲಾ ವನ್ ನಡೆಯುತ್ತಿದೆ, 2014ರಿಂದ ಅದು ದೀಪದ ಬೆಳಕಿನ ರೇಸು. ರೇಸಿನ ವಾರ ನಮ್ಮ ಕೂಟ ಮನೆಯಲ್ಲಿ ಮಲಗುತ್ತದೆ. ಚಳಿಗಾಲದಲ್ಲಿ ಇನ್ನೊಂದು ಸಂಕಟ. ಬಹ್ರೇನಿಗಳಿಗೆ ಚಳಿಗಾಲವೆಂದರೆ ‘ಬರ್’, ಮರಳಿನಲ್ಲಿ ಡೇರೆ ಹಾಕುವ ಕಾಲ. ಮನೆಮಂದಿಯೆಲ್ಲ ಬಂದು ತಿಂಗಳುಗಟ್ಟಲೆ ಬೀಡುಬಿಡುತ್ತಾರೆ. ಡೇರೆ, ಜನರೇಟರು, ಬಣ್ಣದ ದೀಪ, ನಾಲ್ಕು ಚಕ್ರದ ಮರಳು ಬೈಕು. ಅವರು ಎಬ್ಬಿಸಿದ ಧೂಳನ್ನು ಅವರದೇ ದೀಪ ಬೆಳಗುತ್ತದೆ. ಬೈಯೋಣವೆಂದರೆ ಡೇರೆಯಿಂದ ಯಾರಾದರೊಬ್ಬರು ಕೇಸರಿ ಹಾಕಿದ ಕರಕ್ ಚಹದ ಫ್ಲಾಸ್ಕು ಹಿಡಿದು, ‘ಏನು ಕಾಣುತ್ತದೆ?’ ಎಂದು ಕೇಳುತ್ತ ಬಂದೇಬಿಡುತ್ತಾರೆ. ಚಹ ಕುಡಿದ ಮೇಲೆ ಬೈಯಲಾಗುವುದಿಲ್ಲ. ಅವರಿಗೂ ಗುರುವಿನ ನಾಲ್ಕು ಚಂದ್ರರನ್ನು ತೋರಿಸುತ್ತೇವೆ, ಅವರೇ ಹೋಗಿ ದೀಪ ಆರಿಸಿ ಬರುತ್ತಾರೆ.

ಕೂಟದಲ್ಲಿ ಪಾಠವೆಂಬುದು ಹೆಚ್ಚಿಲ್ಲ, ಶಿಸ್ತು ಮಾತ್ರ ಇದೆ. ಕಾರಿನ ಹೆಡ್‌ಲೈಟು ಹಾಕಿಕೊಂಡು ಒಳಗೆ ಬರಬಾರದು. ಟಾರ್ಚಿಗೆ ಕೆಂಪು ಕಾಗದ ಅಂಟಿಸಿರಬೇಕು. ಕತ್ತಲೆಗೆ ಕಣ್ಣು ಪಳಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಮೊಬೈಲಿನ ಬಿಳಿ ಪರದೆಯನ್ನು ಒಮ್ಮೆ ನೋಡಿದರೆ ಅಷ್ಟೂ ನೀರುಪಾಲು. ಮಸುಕಾದದ್ದನ್ನು ನೋಡಬೇಕಾದರೆ ನೇರ ನೋಡಬಾರದು, ತುಸು ಪಕ್ಕಕ್ಕೆ ನೋಡಬೇಕು. ಕಣ್ಣಿನ ನಟ್ಟನಡುವಿನ ಭಾಗ ಬಣ್ಣಕ್ಕೆ, ಬೆಳಕಿಗೆ ಆದದ್ದು. ಮಂದ ಬೆಳಕನ್ನು ಹಿಡಿಯುವ ಕೋಶಗಳು ಇರುವುದು ಅದರ ಸುತ್ತ. ಮೃಗಶಿರದ ವ್ಯಾಧನ ಖಡ್ಗದಲ್ಲಿರುವ ನೀಹಾರಿಕೆಯನ್ನು ನಾನು ಕಂಡದ್ದು ಹೀಗೆ ಓರೆಗಣ್ಣಿನಿಂದಲೇ. ಊರಿನಲ್ಲಿ ಓರೆಗಣ್ಣಿನಿಂದ ನೋಡಿದರೆ ಬೈಸಿಕೊಳ್ಳುತ್ತಿದ್ದೆವು.

ಧೂಳು ತುಂಬಿದ ಈ ಆಕಾಶವನ್ನು ಇಷ್ಟು ಹಳಿದ ಮೇಲೆ ಅದರ ಪರವಾಗಿಯೂ ಒಂದು ಮಾತು ಹೇಳಬೇಕು. ಕಲಿಯುವವನಿಗೆ ಇದೇ ವಾಸಿ. ಆಗುಂಬೆಯಂಥ ಕಡೆ ಮಳೆಗಾಲ ಮುಗಿದ ಅಮಾವಾಸ್ಯೆಯ ರಾತ್ರಿ ಮೇಲೆ ನೋಡಿದರೆ ನಕ್ಷತ್ರಗಳ ಸಂತೆಯಲ್ಲಿ ಸಪ್ತರ್ಷಿಗಳನ್ನೂ ಹುಡುಕಬೇಕು. ಇಲ್ಲಿ ಉಳಿದಿರುವುದು ಮುಖ್ಯಸ್ಥರು ಮಾತ್ರ: ಲುಬ್ಧಕ, ರೋಹಿಣಿ, ಆರ್ದ್ರಾ, ಚಿತ್ತಾ, ಸ್ವಾತಿ, ಅಭಿಜಿತ್, ಶ್ರವಣ. ಸಭೆಯಲ್ಲಿ ಜನ ಕಡಿಮೆಯಿದ್ದರೆ ಪರಿಚಯ ಬೇಗ ಆಗುತ್ತದೆ. ಅಡಿಕೆ ತೋಟದ ಅಪ್ಪ, ಅಜ್ಜ ಮಳೆ ನಕ್ಷತ್ರದ ಹೆಸರಿನಲ್ಲಿ ತಿಂಗಳು ಲೆಕ್ಕ ಹಾಕುತ್ತಿದ್ದರು. ರೋಹಿಣಿ ಮಳೆ, ಮೃಗಶಿರ ಮಳೆ, ಆರ್ದ್ರಾ ಮಳೆ. ಆ ಹೆಸರಿನವರು ನಿಜಕ್ಕೂ ಮೇಲೆ ಎಲ್ಲಿದ್ದಾರೆಂದು ಕೇಳಿದರೆ ನಮ್ಮ ಮನೆಯಲ್ಲಿ ಉತ್ತರವಿರಲಿಲ್ಲ. ಇರುವುದೂ ಕಷ್ಟವೇ. ಸೂರ್ಯ ಆ ನಕ್ಷತ್ರದ ಹತ್ತಿರ ಬಂದಾಗ ಬರುವ ಮಳೆಗೆ ಆ ಹೆಸರು, ಅಂದರೆ ಆರ್ದ್ರಾ ಮಳೆಯ ದಿನಗಳಲ್ಲಿ ಆರ್ದ್ರಾ ನಕ್ಷತ್ರ ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ. ಮೇಲಿಂದ ಮುಂಗಾರಿನ ಮೋಡ ಬೇರೆ. ಮಳೆಯಿಲ್ಲದ ನಾಡಿಗೆ ಬಂದು ಮಳೆ ನಕ್ಷತ್ರಗಳ ಮುಖ ನೋಡಿದೆ.

ಅರುಂಧತಿಯ ವಿಷಯವೂ ಹಾಗೇ. ನಮ್ಮ ಮದುವೆಯಲ್ಲಿ ಪುರೋಹಿತರು ಮಟಮಟ ಮಧ್ಯಾಹ್ನ ನಮ್ಮಿಬ್ಬರನ್ನೂ ಕಲ್ಯಾಣಮಂಟಪದ ಬಾಗಿಲಿಗೆ ಕರೆದೊಯ್ದು, ಶಾಮಿಯಾನದ ಅಂಚಿಗೆ ಬೆರಳು ತೋರಿಸಿ, “ಅರುಂಧತಿ ಕಂಡಿತಾ?” ಎಂದು ಕೇಳಿದ್ದರು. “ಕಂಡಿತು” ಎಂದಿದ್ದೆವು. ಊಟಕ್ಕೆ ಎರಡನೇ ಪಂಕ್ತಿ ಕಾಯುತ್ತಿತ್ತು. ಆ ಸುಳ್ಳಿನ ಮೇಲೆ ಸಂಸಾರ ಚೆನ್ನಾಗಿಯೇ ನಡೆಯಿತು ಅನ್ನಿ. ಬಹಳ ವರ್ಷಗಳ ಮೇಲೆ ಒಂದು ಮಾರ್ಚಿನ ಗುರುವಾರ ನನ್ನ ಹೆಂಡತಿಯೂ ಸಖೀರಿಗೆ ಬಂದಳು. ಸಪ್ತರ್ಷಿಗಳು ಈಶಾನ್ಯದಲ್ಲಿ ಬಾಲ ಕೆಳಗಾಗಿ ಏರುತ್ತಿದ್ದರು. ಬಾಲದ ನಡುವಿನ ವಸಿಷ್ಠ, ಅವನಿಗೆ ತಾಗಿಕೊಂಡ ಹಾಗೆ ಸಣ್ಣದೊಂದು ಚುಕ್ಕೆ. ಅರಬರು ಅದನ್ನು ‘ಸುಹಾ’ ಎನ್ನುತ್ತಾರೆ. ಹಿಂದೆ ಕಣ್ಣಿನ ಚುರುಕು ಪರೀಕ್ಷೆಗೆ ಅದನ್ನೇ ತೋರಿಸುತ್ತಿದ್ದರಂತೆ. ಉಸ್ತಾದರು ನಮ್ಮಿಬ್ಬರಿಗೂ ಆ ಪರೀಕ್ಷೆ ಮಾಡಿದರು. ನನ್ನ ಕನ್ನಡಕಕ್ಕೆ ಸಿಗಲಿಲ್ಲ, ಅವಳ ಬರಿಗಣ್ಣಿಗೆ ಸಿಕ್ಕಿತು. ಆಮೇಲೆ ಟೆಲಿಸ್ಕೋಪು ತಿರುಗಿಸಿ ತೋರಿಸಿದರು. ಅಲ್ಲಿ ಅರುಂಧತಿ ದೂರ ಸರಿದು ನಿಂತಿದ್ದಳು, ವಸಿಷ್ಠನೇ ಎರಡಾಗಿದ್ದ! ಬರಿಗಣ್ಣಿಗೆ ಒಂದಾಗಿ ಕಾಣುವ ಆತ ಕೊಳವೆಯಲ್ಲಿ ಅಂಟಿಕೊಂಡ ಎರಡು ಬಿಳಿ ಚುಕ್ಕೆ. ಗೆಲಿಲಿಯೋನ ಶಿಷ್ಯ ಕಸ್ತೆಲಿ 1617ರಷ್ಟು ಹಿಂದೆಯೇ ಇದನ್ನು ಗಮನಿಸಿ ಗುರುವಿಗೆ ಹೇಳಿದ್ದನಂತೆ. ಈಗಿನ ಉಪಕರಣಗಳಲ್ಲಿ ಆ ಎರಡೂ ಒಂದೊಂದು ಜೋಡಿ ಎಂದು ಗೊತ್ತಾಗಿದೆ, ಅರುಂಧತಿಗೂ ಒಂದು ಮಸುಕು ಸಂಗಾತಿ ಇದೆ. ಒಟ್ಟು ಆರು. ನನ್ನ ಹೆಂಡತಿ ಐಪೀಸಿನಿಂದ ಕಣ್ಣು ತೆಗೆಯದೆಯೇ, “ಪಕ್ಕದಲ್ಲಿರುವುದು ಯಾರು?” ಎಂದು ಕೇಳಿದಳು. ಉಸ್ತಾದರಿಗೆ ಪ್ರಶ್ನೆಯ ಭಾರ ತಿಳಿಯಲಿಲ್ಲ. ನಾನು ಅನುವಾದ ಮಾಡಲಿಲ್ಲ.

ಚಂದ್ರನ ವಿಷಯದಲ್ಲಿ ನಾವೂ ಅವರೂ ಬೇರೆಯೇ ದಾರಿ. ರಮಝಾನಿಗೆ ಮುಂಚಿನ ಸಂಜೆ ಇಡೀ ನಾಡಿನ ಕಣ್ಣು ಪಶ್ಚಿಮಕ್ಕಿರುತ್ತದೆ. ಅಮಾವಾಸ್ಯೆಯ ಕ್ಷಣವನ್ನು ಲೆಕ್ಕ ಹಾಕಿ ಸೆಕೆಂಡಿನ ಮಟ್ಟಿಗೆ ಹೇಳಬಹುದು. ಆದರೆ ಕೂದಲೆಳೆಯ ಆ ಗೆರೆ ಕಣ್ಣಿಗೆ ಬೀಳುತ್ತದೋ ಇಲ್ಲವೋ ಎಂಬುದು ದಿಗಂತದ ಧೂಳಿಗೂ ಹಬೆಗೂ ಬಿಟ್ಟದ್ದು. ಅಂಥ ಚಂದ್ರನನ್ನು ಕಂಡವನು ಪುಣ್ಯವಂತ. ನಮ್ಮಲ್ಲೋ, ಭಾದ್ರಪದ ಚೌತಿಯ ಚಂದ್ರನನ್ನು ಕಂಡವನು ಕೆಟ್ಟ! ಶಮಂತಕ ಮಣಿಯ ಕಥೆ ಕೇಳದಿದ್ದರೆ ಕಳ್ಳತನದ ಅಪವಾದ ಖಾತ್ರಿ. ಲೆಕ್ಕಪತ್ರ ಬರೆಯುವವನಿಗೆ ಅದಕ್ಕಿಂತ ದೊಡ್ಡ ಭಯ ಇನ್ನೇನಿದೆ? ಒಂದು ವರ್ಷ ಕೂಟದವರು ಕಡಲದಂಡೆಯ ಕಾಲುದಾರಿಯಲ್ಲಿ ಸಾರ್ವಜನಿಕರಿಗೆ ಚಂದ್ರನನ್ನು ತೋರಿಸುವ ಕಾರ್ಯಕ್ರಮವನ್ನು ಸರಿಯಾಗಿ ಚೌತಿಯ ಸಂಜೆಗೇ ಇಟ್ಟರು. ಇಟ್ಟದ್ದು ಸರಿಯೇ. ಹುಣ್ಣಿಮೆಯ ಚಂದ್ರ ಟೆಲಿಸ್ಕೋಪಿನಲ್ಲಿ ಬರೀ ಬಿಳಿ ತಟ್ಟೆ, ಕಣ್ಣು ಕುಕ್ಕುತ್ತದೆ, ಎಲ್ಲೂ ನೆರಳಿಲ್ಲ. ಚೌತಿಯ ಹೊತ್ತಿಗೆ ಬೆಳಕು ಕತ್ತಲೆ ಸೇರುವ ಗೆರೆಯಲ್ಲಿ ಸೂರ್ಯ ಆಗಷ್ಟೇ ಹುಟ್ಟುತ್ತಿರುತ್ತಾನೆ. ಕುಳಿಗಳ ಅಂಚಿಗೆ ಬಿಸಿಲು, ತಳದಲ್ಲಿ ಮಸಿಗತ್ತಲೆ, ನಡುವಿನ ಬೆಟ್ಟದ ತುದಿಗೆ ಮಾತ್ರ ಒಂದು ಹನಿ ಬೆಳಕು. ನೋಡಬಾರದ ದಿನವೇ ಚಂದ್ರ ಅತ್ಯಂತ ಚೆಂದ. ಗಣಪತಿಯನ್ನು ನೋಡಿ ನಕ್ಕವನಿಗೆ ನಗುವಷ್ಟು ರೂಪವಿತ್ತು ಎಂದು ನನಗೆ ಆವತ್ತು ಖಚಿತವಾಯಿತು. ಕುಂದಾಪುರದ ಹುಡುಗ ಮೊದಲು ಮೊಬೈಲಿನಲ್ಲಿ ಶಮಂತಕೋಪಾಖ್ಯಾನ ಹಾಕಿ ಕಿವಿಗಿಟ್ಟುಕೊಂಡು, ಆಮೇಲೆ ಸಾಲಿನಲ್ಲಿ ನಿಂತ.

ಆದರೆ ಇಲ್ಲಿನವರಿಗೂ ನಮಗೂ ಒಂದೇ ಆಗಿರುವ ನಕ್ಷತ್ರವೊಂದಿದೆ. ಅವರ ಸುಹೈಲ್, ನಮ್ಮ ಅಗಸ್ತ್ಯ. ಲುಬ್ಧಕನನ್ನು ಬಿಟ್ಟರೆ ಇಡೀ ಇರುಳಿನಲ್ಲಿ ಇದಕ್ಕಿಂತ ಪ್ರಕಾಶದ ನಕ್ಷತ್ರವಿಲ್ಲ. ಕೆಲವು ತಿಂಗಳು ಸೂರ್ಯನ ಹಿಂದೆ ಮರೆಯಾಗಿದ್ದು, ಬೇಸಿಗೆಯ ಕೊನೆಗೆ ಬೆಳಗಿನ ಜಾವ ದಕ್ಷಿಣದಲ್ಲಿ ಮತ್ತೆ ಮುಖ ತೋರಿಸುತ್ತದೆ. ಕೊಲ್ಲಿಯ ಲೆಕ್ಕದಲ್ಲಿ ಅದು ಆಗಸ್ಟ್ 24. ಅಲ್ಲಿಂದ ಹತ್ತು ಹತ್ತು ದಿನದ ಕಂತು ಮಾಡಿ ವರ್ಷವನ್ನು ಎಣಿಸುವ ಹಳೆಯ ಪಂಚಾಂಗ ಇವರದ್ದು. ಮೀನುಗಾರರು, ಖರ್ಜೂರದ ತೋಟದವರು, ಮುತ್ತು ತೆಗೆಯುವವರು ಎಲ್ಲರೂ ಅದನ್ನೇ ನಂಬಿದ್ದರು. ಸುಹೈಲ್ ಬಂದನೆಂದರೆ ಬಿಸಿಲಿನ ಸೊಕ್ಕು ಇಳಿಯಿತು, ರಾತ್ರಿ ತಂಪಾಗಲು ಶುರು. ನಮ್ಮಲ್ಲಿ ವರಾಹಮಿಹಿರ ಆರನೆಯ ಶತಮಾನದಲ್ಲೇ ಬೃಹತ್ಸಂಹಿತೆಯಲ್ಲಿ ಅಗಸ್ತ್ಯನ ಉದಯಕ್ಕೊಂದು ಅಧ್ಯಾಯ ಇಟ್ಟಿದ್ದಾನೆ. ಅಗಸ್ತ್ಯ ಹುಟ್ಟಿದರೆ ಮಳೆಗಾಲದ ಕದಡಿದ ನೀರು ತಿಳಿಯಾಗುತ್ತದೆಂಬ ನಂಬಿಕೆ. ಒಂದು ಕಡೆ ಉರಿ ತಣಿಯಬೇಕು, ಇನ್ನೊಂದು ಕಡೆ ಕೆಸರು ತಣಿಯಬೇಕು. ಎರಡೂ ಕಡೆಯವರು ಕಾಯುತ್ತಿದ್ದುದು ಅದೇ ಚುಕ್ಕೆಗೆ.

ಆಗಸ್ಟ್ 24ಕ್ಕೇ ಕಾಣುತ್ತದೆಂದು ಹೊರಟರೆ ಬರೀ ಬೆವರು. ಸಾಮಾನ್ಯವಾಗಿ ಇನ್ನೂ ಕೆಲವು ದಿನ ಬೇಕು. ಬಹ್ರೇನಿನ ಅಕ್ಷಾಂಶ 26 ಡಿಗ್ರಿ, ಹಾಗಾಗಿ ಅಗಸ್ತ್ಯ ಇಲ್ಲಿ ಎಷ್ಟು ಏರಿದರೂ ದಿಗಂತದಿಂದ 11 ಡಿಗ್ರಿ ಮಾತ್ರ. ಉಡುಪಿಯಲ್ಲಾದರೆ 24 ಡಿಗ್ರಿಯವರೆಗೆ ಏರುತ್ತದೆ. ಇದಕ್ಕೆ ಬದಲಾಗಿ ಧ್ರುವ ಇಲ್ಲಿ 26 ಡಿಗ್ರಿ ಎತ್ತರದಲ್ಲಿದ್ದಾನೆ. ಉಡುಪಿಯಲ್ಲಿ ಹದಿಮೂರೇ ಡಿಗ್ರಿ, ಅಂದರೆ ನೆರೆಮನೆಯ ತೆಂಗಿನ ಮರದ ಹಿಂದೆ. ಕರಾವಳಿಯ ಅರ್ಧದಷ್ಟು ಜನ ಧ್ರುವನ ಕಥೆ ಕೇಳಿದ್ದಾರೆಯೇ ಹೊರತು ಧ್ರುವನನ್ನು ಕಂಡಿಲ್ಲದಿರಲು ಕಾರಣ ತೆಂಗು. ಇನ್ನು ದಕ್ಷಿಣದ ತ್ರಿಶಂಕು. ಊರಿನಲ್ಲಿ ಮೇ ತಿಂಗಳ ಸಂಜೆ ಕಡಲ ಮೇಲೆ ಶಿಲುಬೆಯಾಕಾರದಲ್ಲಿ ನಿಲ್ಲುವ ಆತ ಇಲ್ಲಿ ಮರಳಿನಂಚಿಗೆ ಮೈ ಉಜ್ಜಿಕೊಂಡು ದಾಟುತ್ತಾನೆ, ಅವನ ಬುಡದ ನಕ್ಷತ್ರ ಒಂದು ಡಿಗ್ರಿಯಷ್ಟೂ ಏಳುವುದಿಲ್ಲ. ಅಷ್ಟು ತಗ್ಗಿನಲ್ಲಿ ಇರುವುದು ಧೂಳೊಂದೇ. ಊರಿನದ್ದೂ ಅಲ್ಲ, ಇಲ್ಲಿನದ್ದೂ ಅಲ್ಲ ಎಂಬ ಸ್ಥಿತಿಯಲ್ಲಿ ಇಷ್ಟು ಸಾವಿರ ತ್ರಿಶಂಕುಗಳು ನೆಲದ ಮೇಲೆಯೇ ಓಡಾಡುತ್ತಿರುವಾಗ ಮೇಲೊಬ್ಬ ಯಾಕೆ ಎಂದು ಬಿಟ್ಟಿರಬೇಕು.

ಈ ಎತ್ತರದ ಲೆಕ್ಕವೇ ಹಿಂದಿನ ನಾವಿಕರ ಕಸುಬು. ಒಂದು ರಾತ್ರಿ ಉಸ್ತಾದರು ಯಾರದೋ ವಿಸಿಟಿಂಗ್ ಕಾರ್ಡಿನ ನಡುವೆ ತೂತು ಮಾಡಿ, ದಾರ ಪೋಣಿಸಿ, ಗಂಟು ಹಾಕಿ ‘ಕಮಾಲ್’ ಮಾಡಿ ತೋರಿಸಿದರು. ದಾರದ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಕಾರ್ಡನ್ನು ಮುಂದೆ ಚಾಚಿ, ಕೆಳಗಿನ ಅಂಚನ್ನು ದಿಗಂತಕ್ಕೂ ಮೇಲಿನ ಅಂಚನ್ನು ಧ್ರುವನಿಗೂ ತಾಗಿಸಬೇಕು. ಒಂದೊಂದು ಬಂದರಿಗೆ ಒಂದೊಂದು ಗಂಟು. ಧ್ರುವ ಆ ಗಂಟಿಗೆ ಕೂರುವವರೆಗೆ ತೆಂಕಣಕ್ಕೋ ಬಡಗಣಕ್ಕೋ ಹಾಯಿ ಬಿಟ್ಟು, ಆಮೇಲೆ ಅದೇ ಎತ್ತರ ಕಾಯ್ದುಕೊಂಡು ನೇರ ಮೂಡಣಕ್ಕೆ ಹೋದರಾಯಿತು. ಇಲ್ಲಿನ ಹಾಯಿಹಡಗುಗಳಿಗೆ ಮರ ಬರುತ್ತಿದ್ದುದು ಮಲಬಾರಿನಿಂದ. ಖರ್ಜೂರ ಹೊತ್ತು ಹೋಗುತ್ತಿದ್ದುದೂ ಆ ಕಡಲಂಚಿಗೇ. ಮಂಗಳೂರಿಗೂ ಒಂದು ಗಂಟು ಇದ್ದೇ ಇದ್ದಿರಬೇಕು. ಉಸ್ತಾದರ ಅಜ್ಜ ಮುತ್ತಿನ ದೋಣಿಯಲ್ಲಿ ಇದ್ದವರು. 1930ರ ದಶಕದಲ್ಲಿ ಜಪಾನಿನ ಕೃಷಿಮುತ್ತು ಮಾರುಕಟ್ಟೆಗೆ ನುಗ್ಗಿ, ಜಗತ್ತಿನ ಆರ್ಥಿಕ ಕುಸಿತವೂ ಸೇರಿ ಆ ಕಸುಬು ನೆಲ ಕಚ್ಚಿತು. ಎಣ್ಣೆ ಸಿಕ್ಕಿದ್ದು ಅದೇ ಹೊತ್ತಿಗೆ. ಮುಹರಕ್‌ನ ಮುತ್ತಿನ ವ್ಯಾಪಾರಿಗಳ ಹಳೆಯ ಮನೆಗಳೂ ಕಡಲೊಳಗಿನ ಚಿಪ್ಪಿನ ಹಾಸುಗಳೂ 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ಆ ಮಂದಿಯ ಆಕಾಶಜ್ಞಾನ ಯಾವ ಪಟ್ಟಿಗೂ ಸೇರಿಲ್ಲ, ಉಸ್ತಾದರಂಥ ಕೆಲವರ ನಾಲಗೆಯ ಮೇಲಿದೆ.

ಸಖೀರಿನ ಆಚೆ ಮರಳುಗಾಡಿನಲ್ಲಿ ಒಂಟಿಯಾಗಿ ಒಂದು ಮರವಿದೆ. ಸುತ್ತ ನೀರಿಲ್ಲ, ಹಸಿರಿಲ್ಲ, ಸುಮಾರು 400 ವರ್ಷದಿಂದ ಅದು ಬದುಕಿದೆ. ಜೀವವೃಕ್ಷವೆಂದು ಪ್ರವಾಸಿಗಳು ಸಾಲುಗಟ್ಟಿ ನೋಡಲು ಬರುತ್ತಾರೆ. ನಾನೂ ಎಷ್ಟೋ ಸಲ ಊರಿನಿಂದ ಬಂದ ನೆಂಟರನ್ನು ಕರೆದೊಯ್ದು ಫೋಟೋ ತೆಗೆಸಿದ್ದೇನೆ. ಅದು ನಮ್ಮ ಬನ್ನಿ ಮರವೇ ಎಂದು ಗೊತ್ತಾದದ್ದು ಕೂಟದ ಒಬ್ಬರ ಬಾಯಿಂದ. ಹೆಸರು ಬೇರೆ, ಜಾತಿ ಒಂದೇ. ಪಾಂಡವರು ಆಯುಧ ಬಚ್ಚಿಟ್ಟ ಶಮೀವೃಕ್ಷ. ಒಂದು ವಿಜಯದಶಮಿಯ ಸಂಜೆ ನಾವು ಕೆಲವರು ಅದರ ಬೇಲಿಯ ಹೊರಗೆ ನಿಂತು ಕೈ ಮುಗಿದೆವು. ಎಲೆ ಕೀಳುವ ಹಾಗಿಲ್ಲ, ಹಾಗಾಗಿ ಬಂಗಾರ ಹಂಚಿಕೊಳ್ಳುವುದು ಬಾಯಿಮಾತಿನಲ್ಲೇ ಆಯಿತು. ದಶಮಿಯ ಚಂದ್ರ ಬೆಳಗುತ್ತಿದ್ದುದರಿಂದ ಆ ರಾತ್ರಿ ನಕ್ಷತ್ರ ನೋಡುವ ಕೆಲಸ ಹೆಚ್ಚು ನಡೆಯಲಿಲ್ಲ.

ಗ್ರಹಣಗಳ ಬಗ್ಗೆ ಹೇಳದಿದ್ದರೆ ಕೂಟದ ಕಥೆ ಪೂರ್ತಿಯಾಗದು. 2019ರ ಡಿಸೆಂಬರ್ 26, ಕಂಕಣ ಗ್ರಹಣ. ಚಂದ್ರನ ನೆರಳು ಸೌದಿಯಲ್ಲಿ ನೆಲ ಮುಟ್ಟಿ, ಕತಾರಿನ ಮೇಲೆ ಹಾದು, ಅರಬ್ಬಿ ಸಮುದ್ರ ದಾಟಿ, ಮಂಗಳೂರು ಕಾಸರಗೋಡುಗಳ ಮೇಲೆ ಹೋಗುವುದಿತ್ತು. ಇಂಥ ದಾರಿ ಹಾಕಿಕೊಂಡು ಬಂದ ಗ್ರಹಣವನ್ನು ಗಲ್ಫಿನ ಕನ್ನಡಿಗನು ಬಿಡಬಹುದೇ? ಬಹ್ರೇನಿನ ದಕ್ಷಿಣದ ಕಡಲಂಚಿನಲ್ಲಿ ಸೂರ್ಯೋದಯಕ್ಕೆ ಕಾದೆವು. ಸೂರ್ಯ ಹುಟ್ಟುವಾಗಲೇ ಬಹುಪಾಲು ಕಚ್ಚಿಹೋಗಿದ್ದ, ನೀರಿನಿಂದ ಎರಡು ಕೆಂಪು ಕೊಂಬುಗಳು ಎದ್ದು ಬಂದವು. ಕತಾರಿನ ಅಲ್ ವಕ್ರಾದಲ್ಲಿ ನಿಂತು ಎಲಿಯಾಸ್ ಕಸಿಯೋಟಿಸ್ ಎಂಬ ಗ್ರೀಕ್ ಛಾಯಾಗ್ರಾಹಕರು ತೆಗೆದ ಇದೇ ನೋಟದ ಚಿತ್ರ ಆಮೇಲೆ ಜಗತ್ತೆಲ್ಲ ತಿರುಗಿತು. ಗ್ರಹಣ ಇಲ್ಲಿ ತುದಿಗೇರಿದ್ದು ಆರೂವರೆ ದಾಟಿದ ಮೇಲೆ. ಮಂಗಳೂರಿನಲ್ಲಿ ಕಂಕಣ ಕೂಡುವುದು ಒಂಬತ್ತೂ ಇಪ್ಪತ್ತೈದರ ಸುಮಾರಿಗೆ. ಗಡಿಯಾರದ ಎರಡೂವರೆ ಗಂಟೆಯ ವ್ಯತ್ಯಾಸ ಕಳೆದರೆ ಉಳಿಯುವುದು ಇಪ್ಪತ್ತು ನಿಮಿಷ. ವಿಮಾನಕ್ಕೆ ನಾಲ್ಕು ಗಂಟೆ ಹಿಡಿಯುವ ದಾರಿ! ಕೂಡಲೇ ಮಂಗಳೂರಿನ ಭಾವನಿಗೆ ಫೋನು ಮಾಡಿ, “ಇಲ್ಲಿಂದ ಹೊರಟಿದೆ, ಇಪ್ಪತ್ತು ನಿಮಿಷದಲ್ಲಿ ನಿಮ್ಮಲ್ಲಿಗೆ ಮುಟ್ಟುತ್ತದೆ, ಕನ್ನಡಕ ಹಾಕಿಕೊಂಡು ಅಂಗಳಕ್ಕೆ ಹೋಗಿ” ಎಂದೆ. “ಅಂಗಳಕ್ಕೆ ಹೋಗುವುದು ಹೇಗೆ ಮಾರಾಯ, ಅತ್ತೆ ಬಾಗಿಲಿಗೆ ಚಿಲಕ ಹಾಕಿ, ಅದರ ಎದುರೇ ಮಣೆ ಹಾಕಿ ಕೂತಿದ್ದಾರೆ” ಎಂದರು.

ಅದೇ ಮನೆಯವರು 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣ ನೋಡಿದರು. ಚಂದ್ರಗ್ರಹಣ ಉದಾರಿ, ಚಂದ್ರ ಮೇಲಿರುವ ಊರಿಗೆಲ್ಲ ಒಂದೇ ಕ್ಷಣಕ್ಕೆ ಕಾಣುತ್ತದೆ. ನಮಗೆ ರಾತ್ರಿ ಎಂಟೂವರೆ, ಅವರಿಗೆ ಹನ್ನೊಂದು. 82 ನಿಮಿಷ ತಾಮ್ರದ ಬಣ್ಣ. ಇಲ್ಲಿ ಮಸೀದಿಗಳಲ್ಲಿ ಗ್ರಹಣದ ವಿಶೇಷ ಪ್ರಾರ್ಥನೆ, ಅಲ್ಲಿ ದೇವಸ್ಥಾನಗಳ ಬಾಗಿಲು ಬಂದ್. ವಿಡಿಯೋ ಕಾಲಿನಲ್ಲಿ ಅತ್ತೆಯೂ ಇದ್ದರು. ಟೆರೇಸಿಗೆ ಬಂದದ್ದು ಚಂದ್ರನನ್ನು ನೋಡಲು ಅಲ್ಲ, ಅಳಿಯ ಮಗಳು ಒಳಗೆ ಬರುವುದು ಯಾವಾಗ ಎಂದು ಕೇಳಲು ಎಂದು ಸ್ಪಷ್ಟಪಡಿಸಿದರು. ಕತ್ತೆತ್ತಿ ನೋಡಿದ್ದನ್ನು ನಾವೆಲ್ಲ ಕಂಡೆವು.

ಈಚೆಗೆ ಕೂಟಕ್ಕೆ ಹೊಸಬರು ಬಂದರೆ ಮೊದಲು ಕೇಳುವುದು, ‘ಯಾವ ಟೆಲಿಸ್ಕೋಪ್ ಕೊಳ್ಳಲಿ?’ ಎಂದು. ಯಾವುದೂ ಬೇಡ ಎನ್ನುತ್ತೇನೆ. ಹುಮ್ಮಸ್ಸಿನಲ್ಲಿ ಕೊಂಡ ಟೆಲಿಸ್ಕೋಪುಗಳು ಗಲ್ಫಿನ ಎಷ್ಟು ಫ್ಲ್ಯಾಟುಗಳಲ್ಲಿ ಬಟ್ಟೆ ಒಣಗಿಸಲು ಬಳಕೆಯಾಗುತ್ತಿವೆಯೋ! ಒಂದು ಬೈನಾಕ್ಯುಲರ್ ಇದ್ದರೆ ಗುರುವಿನ ಚಂದ್ರರೂ ಕೃತ್ತಿಕೆಯ ಗೊಂಚಲೂ ಸಿಗುತ್ತವೆ. ಉಳಿದದ್ದಕ್ಕೆ ಕೂಟದ ಗೀಸರ್ ಇದೆ, ಅದರ ಹಿಂದೆ ಸಾಲಿದೆ, ಸಾಲಿನಲ್ಲಿ ಹರಟೆಯಿದೆ. ಕನ್ನಡದಲ್ಲೇ ಓದಿಕೊಂಡು ಹೋಗಬೇಕೆನ್ನುವವರಿಗೆ ಜಿ.ಟಿ. ನಾರಾಯಣರಾಯರು ಬರೆದಿಟ್ಟದ್ದು ಬೇಕಾದಷ್ಟಿದೆ.

ಈಗ ಕೂಟದಲ್ಲಿ ನಡೆಯುತ್ತಿರುವ ಚರ್ಚೆ ಒಂದೇ. 2027ರ ಆಗಸ್ಟ್ 2, ಸೋಮವಾರ, ಪೂರ್ಣ ಸೂರ್ಯಗ್ರಹಣ. ಈಜಿಪ್ಟಿನ ಲಕ್ಸರ್ ಹತ್ತಿರ 6 ನಿಮಿಷ 23 ಸೆಕೆಂಡು ಕತ್ತಲೆ. ಜೆದ್ದಾದಲ್ಲೂ ಆರು ನಿಮಿಷದ ಆಸುಪಾಸು. ಬಹ್ರೇನಿನಲ್ಲಿ ಭಾಗಶಃ ಮಾತ್ರ, ಹಾಗಾಗಿ ಹೊರಡಲೇಬೇಕು. ಸೇತುವೆ ದಾಟಿ ಸೌದಿಯ ಈ ಅಂಚಿನಿಂದ ಆ ಅಂಚಿಗೆ ಸಾವಿರ ಕಿಲೋಮೀಟರಿಗೂ ಮೀರಿದ ದಾರಿ, ಆಗಸ್ಟಿನ ಬಿಸಿಲು, ಮೂರು ಕಾರು, ವೀಸಾ ಬೇರೆ ಬೇರೆ ಪಾಸ್‌ಪೋರ್ಟಿಗೆ ಬೇರೆ ಬೇರೆ. ಕುಂದಾಪುರದ ಹುಡುಗ ಏಸಿ ತನ್ನ ಜವಾಬ್ದಾರಿ ಎಂದಿದ್ದಾನೆ. ಜೆದ್ದಾದಲ್ಲಿರುವ ಕನ್ನಡಿಗರೇ, ನಿಮ್ಮ ಟೆರೇಸಿನಲ್ಲಿ ಹದಿನೈದು ಜನಕ್ಕೆ ಚಾಪೆ ಹಾಸುವಷ್ಟು ಜಾಗವಿದ್ದರೆ ದಯವಿಟ್ಟು ಈಗಲೇ ಹೇಳಿ. ಚಹದ ಪುಡಿ ನಾವೇ ತರುತ್ತೇವೆ.